ಬಾವಿ ನೀರಿನ ಅಕ್ವೇರಿಯಂ: ಕಟ್ಟುವ ಕ್ರಮ, ಬಗ್ಗಡ ತಿಳಿಗೊಳಿಸುವ ಬಗೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳಲ್ಲಿ ಮನೆಯ ಅಕ್ವೇರಿಯಂಗೆ ತುಂಬುವ ನೀರು ಹೆಚ್ಚಾಗಿ ಬಾವಿಯದ್ದು. ಗುಡ್ಡೆಯ ಬುಡದ ಮನೆಗಳಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ್ದು, ಉಳಿದ ಕಡೆ ಕೊಳವೆಬಾವಿಯದ್ದು. ಆದರೆ ಮೀನು ಸಾಕುವುದರ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಬಹುಪಾಲು, ಕ್ಲೋರಿನ್ ಬೆರೆಸಿದ ನಗರದ ನಳ್ಳಿನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಆ ಸಲಹೆಗಳನ್ನು ಅಕ್ಷರಶಃ ಪಾಲಿಸಿದರೂ ಇಲ್ಲಿನ ತೊಟ್ಟಿಗಳಲ್ಲಿ ಮತ್ತೆ ಮತ್ತೆ ನೀರು ಬೆಳ್ಳಗಾಗುತ್ತದೆ, ಮೀನು ಸಾಯುತ್ತದೆ, ಕೊನೆಗೆ ತೊಟ್ಟಿ ಅಟ್ಟ ಸೇರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಿಂದ ಬರುವ ನೀರಿಗೆ ಅದರದ್ದೇ ಆದ ಗುಣವಿದೆ, ಆ ಗುಣವನ್ನು ತಿಳಿದುಕೊಂಡೇ ತೊಟ್ಟಿಯನ್ನು ಸಿದ್ಧಪಡಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ಮಾಡಿದಲ್ಲಿ, ನೀರು ತಿಳಿಗೊಳಿಸುವುದಕ್ಕೆಂದು ಅಂಗಡಿಯಲ್ಲಿ ಮಾರುವ ಬಾಟಲಿಗಳ ಅಗತ್ಯ ಹೆಚ್ಚಿನ ಮನೆಗಳಿಗೆ ಬರುವುದೇ ಇಲ್ಲ.

ಮೊದಲು ನೀರಿನ ಪರೀಕ್ಷೆ

ತೊಟ್ಟಿ ಕೊಳ್ಳುವ ಮೊದಲೇ ದ್ರವರೂಪದ ಒಂದು ಪರೀಕ್ಷಾ ಕಿಟ್ ಕೊಳ್ಳಿ. ಅದರಲ್ಲಿ ಪಿಎಚ್ (ನೀರಿನ ಹುಳಿಯ ಅಳತೆ; ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು), ಅಮೋನಿಯ, ನೈಟ್ರೈಟ್ ಮತ್ತು ನೈಟ್ರೇಟ್ ಎಂಬ ನಾಲ್ಕನ್ನು ಅಳೆಯಲು ಸಾಧ್ಯವಾಗಬೇಕು. ಕಾಸರಗೋಡು ಪೇಟೆಯಲ್ಲಿ ಸಿಗದಿದ್ದರೆ ಮಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ವಿಚಾರಿಸಬಹುದು. ಹಣ ಹೊಂದಿಸಲು ಕಷ್ಟವಾದಲ್ಲಿ ಅಲಂಕಾರದ ಗೊಂಬೆ, ಬಣ್ಣದ ಕಲ್ಲು, ಹಿಂಬದಿಯ ಚಿತ್ರ ಇವನ್ನೆಲ್ಲ ಬಿಡಿ, ಆದರೆ ಕಿಟ್ ಬಿಡಬೇಡಿ.

ಬಾವಿಯಿಂದ ಆಗತಾನೇ ಸೇದಿದ ನೀರಿನ ಪಿಎಚ್ ಒಮ್ಮೆ ನೋಡಿ, ಅದೇ ನೀರನ್ನು ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಮತ್ತೊಮ್ಮೆ ನೋಡಿ. ನೆಲದಡಿಯ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಿಟ್ಟುಹೋಗುವುದರಿಂದ ಎರಡನೆಯ ಅಂಕಿ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಮೇಲಿರುತ್ತದೆ, ಮತ್ತು ನಮಗೆ ಬೇಕಾದದ್ದು ಈ ಎರಡನೆಯ ಅಂಕಿಯೇ. ಮುರಕಲ್ಲಿನ ಪ್ರದೇಶದ ಬಾವಿಗಳಲ್ಲಿ ಅದು 7ಕ್ಕಿಂತ ಕೆಳಗಿರುವುದು ಸಾಮಾನ್ಯ. 6ರ ಆಸುಪಾಸಿನಲ್ಲಿದ್ದರೂ ಆಶ್ಚರ್ಯಪಡಬೇಕಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಸುಣ್ಣದಂಥ ಲವಣಗಳು ಕಾಲಾಂತರದಿಂದ ತೊಳೆದು ಹೋಗಿರುವುದರಿಂದ ಇಲ್ಲಿನ ನೀರು ಕುಡಿಯಲು ಹಿತ, ಬೇಳೆ ಬೇಯಿಸಲು ಉತ್ತಮ; ಆದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಅದರಲ್ಲಿ ಬಹಳ ಕಡಿಮೆ. ಈ ಒಂದು ಕೊರತೆಯಿಂದ ಹುಟ್ಟುವ ತೊಂದರೆಗಳನ್ನು ಮುಂದೆ ವಿವರವಾಗಿ ನೋಡೋಣ.

ಕೊಳವೆಬಾವಿಯ ನೀರಾದರೆ ಕಬ್ಬಿಣದ ಅಂಶವನ್ನು ಗಮನಿಸಬೇಕು. ಕಬ್ಬಿಣವಿರುವ ನೀರು ಕೊಳವೆಯಿಂದ ಬರುವಾಗ ಗಾಜಿನಂತೆ ತಿಳಿಯಾಗಿದ್ದು, ಗಾಳಿ ತಗಲಿ ಕೆಲವು ಗಂಟೆಗಳಾದ ಮೇಲೆ ಹಳದಿಗೆ ತಿರುಗಿ, ತಳದಲ್ಲಿ ಕೆಂಗಂದು ಬಣ್ಣದ ಗಸಿ ಕೂರುತ್ತದೆ. ಇಂಥ ನೀರನ್ನು ನೇರವಾಗಿ ತೊಟ್ಟಿಗೆ ಬಿಡಬಾರದು. ಒಂದು ಡ್ರಮ್ಮಿನಲ್ಲಿ ತುಂಬಿಸಿ, ಗಾಳಿ ಪಂಪಿನಿಂದ ಒಂದು ದಿನ ಗುಳ್ಳೆ ಹಾಯಿಸಿ, ಮರುದಿನ ಪಂಪು ನಿಲ್ಲಿಸಿ ಗಸಿ ಕೂರಲು ಬಿಟ್ಟು, ಮೇಲಿನ ನೀರನ್ನು ಮಾತ್ರ ದಪ್ಪ ಬಟ್ಟೆಯಲ್ಲಿ ಸೋಸಿ ಬಳಸಬೇಕು. ಕಡಲ ಬದಿಯವರು ಬೇಸಗೆಯ ಕೊನೆಯಲ್ಲಿ ನೀರಿಗೆ ಉಪ್ಪು ಏರುವುದನ್ನು ನೆನಪಿಟ್ಟು, ಮಾರ್ಚ್ ತಿಂಗಳಲ್ಲೇ ಸಿಹಿನೀರು ಬರುವ ಬೇರೆ ಬಾವಿಯೊಂದನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನಳ್ಳಿನೀರು ಬಳಸುವವರು, ಹಾಗೆಯೇ ಆರೋಗ್ಯ ಕಾರ್ಯಕರ್ತರು ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮನೆಯವರು, ಆ ನೀರನ್ನು ಗುಳ್ಳೆ ಹಾಯಿಸುತ್ತ ಎರಡು ದಿನ ತೆರೆದಿಡಬೇಕು ಅಥವಾ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಅದರ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಬೇಕು.

ಅಡಕೆ ತೋಟವಿರುವ ಮನೆಗಳಿಗೆ ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣದಲ್ಲಿ ಪ್ರತಿ 100 ಲೀಟರಿಗೆ 1 ಕಿಲೋ ಮೈಲುತುತ್ತು ಇರುತ್ತದೆ. ಮೈಲುತುತ್ತಿನ ತಾಮ್ರವು ಮೀನಿಗೂ ಸಿಗಡಿ, ಬಸವನಹುಳುಗಳಿಗೂ ಘೋರ ವಿಷ; ಅದೂ ನಮ್ಮಲ್ಲಿಯಂಥ, ಲವಣ ಕಡಿಮೆಯಿರುವ ಮೆದು ನೀರಿನಲ್ಲಿ ಅದರ ವಿಷ ಇನ್ನಷ್ಟು ತೀವ್ರ. ಆದ್ದರಿಂದ ಮದ್ದು ಬಿಡಲು ಒಮ್ಮೆಯಾದರೂ ಬಳಸಿದ ಡ್ರಮ್ಮು, ಬಕೆಟು, ಪೈಪುಗಳನ್ನು ಎಷ್ಟು ತೊಳೆದರೂ ಅಕ್ವೇರಿಯಂ ಕೆಲಸಕ್ಕೆ ಮುಟ್ಟಬಾರದು. ತೊಟ್ಟಿಗೆಂದೇ ಎರಡು ಹೊಸ ಬಕೆಟುಗಳನ್ನು ತಂದು, ಅವುಗಳಿಗೆ ಸಾಬೂನಾಗಲಿ ಬಟ್ಟೆ ಒಗೆಯುವ ಪುಡಿಯಾಗಲಿ ತಾಗದಂತೆ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ತೋಟದ ನಡುವಿನ ಬಾವಿಯಾಗಿದ್ದರೆ ಮದ್ದು ಬಿಟ್ಟ ಒಂದೆರಡು ವಾರ ಅದರ ನೀರನ್ನು ತೊಟ್ಟಿಗೆ ಹಾಕದಿರುವುದು ಕ್ಷೇಮ. ಅಷ್ಟು ದಿನಕ್ಕೆ ಬೇಕಾದ ನೀರನ್ನು ಮೊದಲೇ ಹಿಡಿದಿಡಬಹುದು.

ತೊಟ್ಟಿ, ಜಾಗ, ಹೊಯ್ಗೆ

ಹೊಸಬರಿಗೆ ಚಿಕ್ಕ ತೊಟ್ಟಿ ಸುಲಭವೆಂದು ತೋರುತ್ತದೆ, ವಾಸ್ತವ ಅದಕ್ಕೆ ವಿರುದ್ಧ. ನೀರು ಕಡಿಮೆಯಾದಷ್ಟೂ ಅದರೊಳಗಿನ ಏರುಪೇರು ಬೇಗ. ದುಂಡನೆಯ ಗಾಜಿನ ಬಟ್ಟಲಿನಲ್ಲಿ ಗೋಲ್ಡ್‌ಫಿಶ್ ಇಡುವುದಂತೂ ಆ ಜೀವಕ್ಕೆ ಮಾಡುವ ಹಿಂಸೆ. ಕನಿಷ್ಠ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ, 5 ಮಿಲಿಮೀಟರ್ ದಪ್ಪ ಗಾಜಿನ ತೊಟ್ಟಿಯಿಂದ ಆರಂಭಿಸಿ. ಅದರಲ್ಲಿ ಸುಮಾರು 54 ಲೀಟರ್ ಹಿಡಿಯುತ್ತದೆ. ನೀರು, ಗಾಜು, ತಳದ ಹೊಯ್ಗೆ (ಮರಳು) ಎಲ್ಲ ಸೇರಿ 75 ಕಿಲೋ ತೂಗುವ ಈ ವಸ್ತುವನ್ನು ಒಮ್ಮೆ ತುಂಬಿಸಿದ ಮೇಲೆ ಕದಲಿಸುವಂತಿಲ್ಲವಾದ್ದರಿಂದ ಜಾಗವನ್ನು ಮೊದಲೇ ಯೋಚಿಸಿ ನಿಶ್ಚಯಿಸಬೇಕು. ಗೋಡೆಯ ಬದಿ, ನೇರ ಬಿಸಿಲು ಬೀಳದ ಕಡೆ, ಜನ ಓಡಾಡುವಾಗ ತಾಗದ ಮೂಲೆ ಉತ್ತಮ. ಜಗಲಿಯಲ್ಲಿ ಇಟ್ಟರೆ ನೋಡಲು ಚೆಂದವೆನಿಸಿದರೂ ಬಿಸಿಲು ಒಂದು ಕಡೆಯಿಂದ, ಮಳೆಗಾಲದ ಇರಚಲು ಇನ್ನೊಂದು ಕಡೆಯಿಂದ ಕಾಡುತ್ತವೆ. ಪ್ಲೈವುಡ್ಡಿನ ಸ್ಟ್ಯಾಂಡು ಮಳೆಗಾಲದ ತೇವಕ್ಕೆ ಉಬ್ಬಿ ಸಡಿಲವಾಗುತ್ತದೆ, ಕಬ್ಬಿಣದ ಸ್ಟ್ಯಾಂಡು ಕಡಲಗಾಳಿಗೆ ತುಕ್ಕು ಹಿಡಿಯುತ್ತದೆ; ಕಬ್ಬಿಣದ್ದನ್ನೇ ತೆಗೆದುಕೊಂಡು ವರ್ಷಕ್ಕೊಮ್ಮೆ ಬಣ್ಣ ಬಳಿಯುವುದು ನನಗೆ ಸರಿಯೆಂದು ತೋರುತ್ತದೆ. ಸ್ಟ್ಯಾಂಡಿನ ಮೇಲೆ ಅರ್ಧ ಇಂಚಿನ ಥರ್ಮೋಕೋಲ್ ಹಾಳೆ ಹಾಸಿ, ಮಟ್ಟ ನೋಡಿ, ಆಮೇಲೆ ತೊಟ್ಟಿ ಇಡಿ. ಹಾಳೆಯಿಲ್ಲದಿದ್ದರೆ ಸಣ್ಣದೊಂದು ಕಲ್ಲಿನ ಚೂರು ಸಿಕ್ಕಿಕೊಂಡರೂ ತಳದ ಗಾಜು ಬಿರುಕು ಬಿಡಬಹುದು.

ತಳಕ್ಕೆ 2ರಿಂದ 4 ಮಿಲಿಮೀಟರ್ ಕಾಳಿನ ಹೊಳೆಯ ಹೊಯ್ಗೆ ಅತ್ಯುತ್ತಮ. 4 ಸೆಂಟಿಮೀಟರ್ ದಪ್ಪ ಹರಡಲು 11-12 ಕಿಲೋ ಸಾಕು. ಮನೆ ಕಟ್ಟಲು ತಂದ ಎಂ ಸ್ಯಾಂಡಿನಲ್ಲಿ ಕಲ್ಲಿನ ನುಣುಪು ಹುಡಿ ಅಪಾರವಾಗಿರುವುದರಿಂದ ಅದು ಬೇಡ. ಕಡಲ ಹೊಯ್ಗೆಯಲ್ಲಿ ಉಪ್ಪೂ ಚಿಪ್ಪಿನ ಹುಡಿಯೂ ಎಷ್ಟಿದೆಯೆಂದು ಅಂದಾಜಿಗೆ ಸಿಗುವುದಿಲ್ಲವಾದ್ದರಿಂದ ಅದೂ ಬೇಡ. ಹೊಯ್ಗೆಯನ್ನು ಬಕೆಟಿನಲ್ಲಿ ಕಾಲುಭಾಗದಷ್ಟೇ ಹಾಕಿ, ನೀರು ಬಿಟ್ಟು ಕೈಯಿಂದ ತಿರುವಿ, ಕೆಂಪು ನೀರು ಚೆಲ್ಲಿ, ಮತ್ತೆ ನೀರು ಬಿಡಬೇಕು; ಚೆಲ್ಲುವ ನೀರು ಬಾವಿಯ ನೀರಿನಷ್ಟೇ ತಿಳಿಯಾಗುವವರೆಗೆ ಈ ಕೆಲಸ ನಿಲ್ಲಬಾರದು. ಬೇಸರ ಹುಟ್ಟಿಸುವ ಈ ಒಂದು ಗಂಟೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟವರ ತೊಟ್ಟಿಯೇ ಮೊದಲ ದಿನ ಚಹಾದ ಬಣ್ಣಕ್ಕೆ ತಿರುಗುವುದು.

ಫಿಲ್ಟರ್ ಆರಿಸುವಾಗ ಗಂಟೆಗೆ ತೊಟ್ಟಿಯ ನೀರನ್ನು ನಾಲ್ಕೈದು ಸಲ ಹಾಯಿಸಬಲ್ಲದ್ದನ್ನು, ಎಂದರೆ ಈ ಅಳತೆಗೆ ಗಂಟೆಗೆ 250 ಲೀಟರಿನ ಆಸುಪಾಸಿನದನ್ನು ಆರಿಸಿ. ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಅಗ್ಗವೂ ಹೌದು, ನಂಬಿಕೆಗೆ ಅರ್ಹವೂ ಹೌದು. ಗಾಳಿ ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟು ಹೋದಾಗ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಕ್ಕೂ ನೆಲಕ್ಕೂ ಹರಿಯುತ್ತದೆ; ಪಂಪನ್ನು ಮೇಲೆ ತೂಗಹಾಕಿ, ಇಲ್ಲವೇ ಕೊಳವೆಯಲ್ಲಿ ಒಮ್ಮುಖ ಕವಾಟವನ್ನು ಜೋಡಿಸಿ. ವಿದ್ಯುತ್ ವೈರುಗಳು ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಕ್ಕೆ ಜೋತು ಮತ್ತೆ ಮೇಲಕ್ಕೇರುವಂತಿರಲಿ, ಆಗ ವೈರಿನಗುಂಟ ಇಳಿವ ಹನಿ ಪ್ಲಗ್ಗನ್ನು ತಲುಪದೆ ಅಲ್ಲೇ ತೊಟ್ಟಿಕ್ಕುತ್ತದೆ. ನೀರಿನೊಳಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ಗುಗಳನ್ನೂ ತೆಗೆಯುವ ಅಭ್ಯಾಸವನ್ನು ಮನೆಯ ಮಕ್ಕಳಿಗೂ ಕಲಿಸಿ. ಹೀಟರ್ ನಮ್ಮ ಕರಾವಳಿಯ ಹವೆಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ನೀರು ತುಂಬಿಸುವಾಗ ಹೊಯ್ಗೆಯ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ನಿಧಾನವಾಗಿ ಹೊಯ್ಯಿರಿ, ಹೊಯ್ಗೆ ಕದಡುವುದಿಲ್ಲ.

ಬ್ಯಾಕ್ಟೀರಿಯಾ ನೆಲೆಗೊಳ್ಳುವ ಕಾಲ

ನೀರು ತುಂಬಿಸಿದ ದಿನವೇ ಮೀನು ತರಬಾರದು. ಮೀನಿನ ಉಸಿರಿನಿಂದಲೂ ಹೇಲಿನಿಂದಲೂ, ಉಳಿದ ತಿಂಡಿ ಕೊಳೆಯುವುದರಿಂದಲೂ ನೀರಿಗೆ ಅಮೋನಿಯ ಸೇರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಮಾತ್ರ ಸ್ವಲ್ಪ ಹೆಚ್ಚಿದರೂ ಸಹ್ಯ, ವಾರಕ್ಕೊಮ್ಮೆ ನೀರು ಬದಲಿಸಿದಾಗ ಅದು ಹೊರಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತ ಬದುಕುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜಿಗೆ, ಹೊಯ್ಗೆಯ ಕಾಳಿಗೆ ಅಂಟಿಕೊಂಡು ಬೆಳೆಯುತ್ತವೆ, ಮತ್ತು ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ಕಾಲ ಫಿಲ್ಟರನ್ನು ಹಗಲಿರುಳು ಓಡಿಸುತ್ತ, ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ತಿಂಡಿಯನ್ನು ನೀರಿಗೆ ಹಾಕುತ್ತಿರಿ. ಅದು ಕೊಳೆತು ಬಿಡುವ ಅಮೋನಿಯವೇ ಬ್ಯಾಕ್ಟೀರಿಯಾಗಳಿಗೆ ಆಹಾರ. ಆರೋಗ್ಯವಾದ ಮೀನುಗಳಿರುವ ಪರಿಚಿತರ ಹಳೆಯ ತೊಟ್ಟಿಯಿಂದ ಬಳಸಿದ ಸ್ಪಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿ ಇಡಲು ಸಾಧ್ಯವಾದರೆ ಈ ಅವಧಿ ಬಹಳಷ್ಟು ಕಡಿಮೆಯಾಗುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಮೊದಲು ಏರಿ, ಆಮೇಲೆ ಇಳಿದು ಸೊನ್ನೆಯಲ್ಲಿ ನಿಂತು, ನೈಟ್ರೇಟ್ ಕಾಣಿಸಿಕೊಂಡಾಗ ತೊಟ್ಟಿ ಸಿದ್ಧವಾಯಿತು ಎಂದು ತಿಳಿಯಬೇಕು.

ಇಲ್ಲಿ ನಮ್ಮ ನೀರಿನ ಗುಣ ಅಡ್ಡ ಬರುತ್ತದೆ. ಅಮೋನಿಯವನ್ನು ಮಾರ್ಪಡಿಸುವ ಕೆಲಸದಲ್ಲಿ ಬ್ಯಾಕ್ಟೀರಿಯಾಗಳು ಆಮ್ಲವನ್ನು ಬಿಡುತ್ತವೆ. ಗಡಸು ನೀರಿನಲ್ಲಿರುವ ಕಾರ್ಬೋನೇಟುಗಳು ಆ ಆಮ್ಲವನ್ನು ತಡೆದುಕೊಳ್ಳುತ್ತವೆ. ನಮ್ಮ ಮೆದು ನೀರಿನಲ್ಲಿ ಅವು ಇರುವುದೇ ಅಲ್ಪ, ಇದ್ದದ್ದೂ ಕೆಲವು ವಾರಗಳಲ್ಲಿ ಖರ್ಚಾಗುತ್ತದೆ. ಆಮೇಲೆ ಪಿಎಚ್ ಜರ್ರನೆ ಇಳಿಯುತ್ತದೆ. 6.5ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾಗಳ ಕೆಲಸ ಮಂದವಾಗುತ್ತ ಬಂದು 6ರ ಹತ್ತಿರ ನಿಂತೇ ಹೋದಂತಾಗುತ್ತದೆ. ಎರಡು ತಿಂಗಳು ಚೆನ್ನಾಗಿದ್ದ ತೊಟ್ಟಿಯ ನೀರು ಕಾರಣವಿಲ್ಲದೆ ಬೆಳ್ಳಗಾಯಿತೆಂದು ನಮ್ಮ ಕಡೆಯವರು ಹೇಳುವುದನ್ನು ಕೇಳಿದಾಗಲೆಲ್ಲ, ಪಿಎಚ್ ನೋಡಿದ್ದೀರಾ ಎಂದು ನಾನು ಮೊದಲು ಕೇಳುವುದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರವೂ ನಮ್ಮ ಊರಿನಲ್ಲೇ ಇದೆ. ಅಳಿವೆಯ ಬದಿಯಲ್ಲಿ ಸಿಗುವ ಮರುವಾಯಿಯ ಚಿಪ್ಪುಗಳನ್ನು ಮಾಂಸದ ಅಂಶ ಒಂದಿಷ್ಟೂ ಉಳಿಯದಂತೆ ಉಜ್ಜಿ ತೊಳೆದು, ಕುದಿಸಿ, ಬಿಸಿಲಲ್ಲಿ ಒಣಗಿಸಿ, ಕಡಲೆಕಾಳಿನ ಗಾತ್ರಕ್ಕೆ ಜಜ್ಜಿಕೊಳ್ಳಿ. ಈ ಚೂರುಗಳಲ್ಲಿ 100 ಗ್ರಾಮಿನಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ, ಫಿಲ್ಟರಿನಿಂದ ನೀರು ಹೊರಬೀಳುವ ಜಾಗದಲ್ಲಿ ಇಡಿ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ನೀರು ಹುಳಿಯಾದಷ್ಟು ಅದು ಕರಗುತ್ತದೆ, ಪಿಎಚ್ 7 ದಾಟಿದಂತೆ ಕರಗುವುದು ತಾನಾಗಿ ತಗ್ಗುತ್ತದೆ. ವಾರಕ್ಕೊಮ್ಮೆ ಪಿಎಚ್ ನೋಡಿ, 6.8ರಿಂದ 7.2ರ ನಡುವೆ ನಿಲ್ಲುವಂತೆ ಚಿಪ್ಪಿನ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿಕೊಳ್ಳಿ. ಸುಟ್ಟ ಚಿಪ್ಪಿನ ಸುಣ್ಣವನ್ನು, ಎಂದರೆ ಎಲೆಯಡಕೆಗೆ ಬಳಸುವ ಸುಣ್ಣವನ್ನು, ಎಂದೂ ಹಾಕಬಾರದು. ಅದು ಪಿಎಚ್ ಅನ್ನು ಕ್ಷಣಮಾತ್ರದಲ್ಲಿ ಮಿತಿಮೀರಿ ಏರಿಸಿ ಮೀನನ್ನು ಕೊಲ್ಲುತ್ತದೆ.

ಈಗಾಗಲೇ ಮೀನುಗಳಿರುವ, ಪಿಎಚ್ 6ಕ್ಕೆ ಇಳಿದ ತೊಟ್ಟಿಯಲ್ಲಿ ಈ ಕೆಲಸವನ್ನು ಬಹಳ ನಿಧಾನವಾಗಿ ಮಾಡಬೇಕು. ಹುಳಿ ನೀರಿನಲ್ಲಿ ಅಮೋನಿಯವು ಅಷ್ಟಾಗಿ ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ, ಆದರೆ ಪಿಎಚ್ ಒಂದು ಅಂಕಿ ಏರಿದರೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಆದಕಾರಣ ಮೊದಲು ದಿನಕ್ಕೆ 10ರಿಂದ 15 ಶೇಕಡದಂತೆ ನಾಲ್ಕೈದು ದಿನ ನೀರು ಬದಲಿಸಿ ಅಮೋನಿಯವನ್ನು ತಗ್ಗಿಸಿ, ಅನಂತರವೇ ಚಿಪ್ಪಿನ ಚೀಲವನ್ನು ಇಳಿಬಿಡಬೇಕು.

ಮೀನಿನ ಆಯ್ಕೆಯೂ ನೀರಿಗೆ ಹೊಂದಬೇಕು. ಮೆದು ನೀರು ಟೆಟ್ರಾ, ರಾಸ್ಬೋರ, ಗೌರಾಮಿ, ಬೆಟ್ಟಾ ಮೀನುಗಳಿಗೆ ಒಗ್ಗುತ್ತದೆ. ಗಪ್ಪಿ, ಮೊಲ್ಲಿ, ಪ್ಲಾಟಿಗಳು ಗಡಸನ್ನು ಬಯಸುವುದರಿಂದ ಅವಕ್ಕೆ ಚಿಪ್ಪಿನ ಚೀಲ ಬೇಕೇ ಬೇಕು. ಕೆಂಪು ಪಟ್ಟೆಯ ಮಿಸ್ ಕೇರಳ ಮೀನು ಪಶ್ಚಿಮಘಟ್ಟದ ನಮ್ಮದೇ ಹೊಳೆಗಳ ಸಂತಾನವೆಂಬ ಅಭಿಮಾನ ಸಹಜವಾದರೂ, ಅದು ಅಳಿವಿನಂಚಿನ ಪಟ್ಟಿಯಲ್ಲಿರುವ ಜೀವಿ. ಗುಂಪಾಗಿ ಈಜಲು ಹರಿಯುವ ನೀರೂ ಉದ್ದದ ಜಾಗವೂ ಅದಕ್ಕೆ ಬೇಕು. ಹೊಳೆಯಿಂದ ಹಿಡಿದು ತಂದು 2 ಅಡಿಯ ತೊಟ್ಟಿಯಲ್ಲಿ ಕೂಡಿಹಾಕುವುದು ಸಲ್ಲದು. ಮೊದಲಿಗೆ ಐದಾರು ಚಿಕ್ಕ ಮೀನುಗಳನ್ನಷ್ಟೇ ತನ್ನಿ. ತಂದ ಚೀಲವನ್ನು ತೊಟ್ಟಿಯ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಿಬಿಟ್ಟು, ಬಳಿಕ ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರನ್ನು ಚೀಲಕ್ಕೆ ಸೇರಿಸುತ್ತ ಅರ್ಧ ಗಂಟೆ ಕಳೆದು, ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಿ. ಅಂಗಡಿಯ ನೀರು ತೊಟ್ಟಿಗೆ ಬೀಳದಿರಲಿ. ಉಳಿದ ಮೀನುಗಳು ಮೂರು ವಾರದ ಅನಂತರ ಬರಲಿ.

ನೀರು ಬಗ್ಗಡವಾದಾಗ

ಬಗ್ಗಡ ಕಂಡ ಕೂಡಲೇ ಎಲ್ಲ ನೀರನ್ನೂ ಚೆಲ್ಲಿ, ಹೊಯ್ಗೆ ತೊಳೆದು, ಹೊಸದಾಗಿ ತುಂಬಿಸುವುದು ಎಲ್ಲಕ್ಕಿಂತ ಕೆಟ್ಟ ಮಾರ್ಗ. ಅದರಿಂದ ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯಾಗಳು ನಾಶವಾಗಿ, ಮೂರು ದಿನಕ್ಕೆ ಅದೇ ಬಗ್ಗಡ ಮರಳುತ್ತದೆ. ಮೊದಲು ಕಾರಣ ಹುಡುಕಬೇಕು. ತೊಟ್ಟಿಯ ನೀರನ್ನು ಒಂದು ಗಾಜಿನ ಲೋಟದಲ್ಲಿ ತೆಗೆದು, ಬಿಳಿ ಕಾಗದದ ಎದುರು ಹಿಡಿದು ಬಣ್ಣ ನೋಡಿ, ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಗ್ಗೆ ತಳದಲ್ಲಿ ಗಸಿ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಅದು ಮಣ್ಣು, ಹುಡಿ ಅಥವಾ ಕಬ್ಬಿಣ. ಹಾಲು ಬೆರೆಸಿದಂತೆ ಹಾಗೆಯೇ ಉಳಿದಿದ್ದರೆ ಹೆಚ್ಚಾಗಿ ಅದು ಬ್ಯಾಕ್ಟೀರಿಯಾ. ಹಸಿರು ಛಾಯೆಯಿದ್ದರೆ ಪಾಚಿ. ತಿಳಿಯಾಗಿದ್ದೂ ಕಷಾಯದ ಬಣ್ಣ ಬಂದಿದ್ದರೆ ಅದು ಮರದ ತುಂಡಿನಿಂದಲೋ ಎಲೆಯಿಂದಲೋ ಇಳಿದ ಒಗರು. ಮೀನಿಗೆ ಅದರಿಂದ ಕೇಡಿಲ್ಲ, ಬಣ್ಣ ಹಿಡಿಸದಿದ್ದರೆ ಮರದ ತುಂಡನ್ನು ಹೊರತೆಗೆದು ನಾಲ್ಕಾರು ಬಾರಿ ನೀರು ಬದಲಿಸುತ್ತ ಬಕೆಟಿನಲ್ಲಿ ನೆನೆಸಿದರಾಯಿತು.

ಮಣ್ಣಿನ ಬಗ್ಗಡಕ್ಕೆ ಫಿಲ್ಟರಿನಲ್ಲಿ ಬಿಳಿಯ ಫಿಲ್ಟರ್ ಹತ್ತಿಯ ತೆಳುವಾದ ಪದರವೊಂದನ್ನು ಸೇರಿಸಿ, ದಿನಕ್ಕೊಮ್ಮೆ ಅದನ್ನು ಬದಲಿಸುತ್ತ ಬಂದರೆ ಎರಡು ಮೂರು ದಿನದಲ್ಲಿ ತಿಳಿಯಾಗುತ್ತದೆ. ಹಂಡೆಯ ಕೆಂಪು ನೀರಿಗೆ ಪಟಿಕ ತಿರುಗಿಸಿ ತಿಳಿಗೊಳಿಸುವ ಕ್ರಮ ನಮ್ಮಲ್ಲಿ ರೂಢಿಯಲ್ಲಿದೆ, ಆದರೆ ತೊಟ್ಟಿಯಲ್ಲಿ ಅದು ಸರ್ವಥಾ ಬೇಡ. ಪಟಿಕವು ನೀರಿನಲ್ಲಿರುವ ಅಲ್ಪಸ್ವಲ್ಪ ಕಾರ್ಬೋನೇಟನ್ನೂ ತಿಂದು ಪಿಎಚ್ ಇಳಿಸುತ್ತದೆ, ಹುಳಿಯಾದ ಮೆದು ನೀರಿನಲ್ಲಿ ಅದರ ಅಲ್ಯೂಮಿನಿಯಂ ಮೀನಿನ ಕಿವಿರನ್ನು ಕೆಡಿಸುತ್ತದೆ. ಅಂಗಡಿಯ ತಿಳಿಗೊಳಿಸುವ ದ್ರವಗಳು ಹುಡಿಯನ್ನು ಒಟ್ಟುಗೂಡಿಸಿ ಫಿಲ್ಟರಿಗೆ ಸಿಗುವಂತೆ ಮಾಡುವುದು ನಿಜ; ಬ್ಯಾಕ್ಟೀರಿಯಾ ಅಥವಾ ಪಾಚಿ ಕಾರಣವಾಗಿದ್ದರೆ ಮೂಲ ಹಾಗೆಯೇ ಉಳಿದಿರುವುದರಿಂದ ಬಗ್ಗಡ ಮತ್ತೆ ಬರುತ್ತದೆ.

ಹಾಲಿನ ಬಣ್ಣದ ಬಗ್ಗಡ ಹೊಸ ತೊಟ್ಟಿಯಲ್ಲಿ ಮೊದಲ ಎರಡು ವಾರದೊಳಗೆ ಬಂದರೆ ಗಾಬರಿಪಡುವ ಅಗತ್ಯವಿಲ್ಲ. ನೀರಿನಲ್ಲಿ ಕರಗಿದ ಸಾವಯವ ಅಂಶವನ್ನು ತಿಂದು ಹೆಚ್ಚುವ ಬ್ಯಾಕ್ಟೀರಿಯಾಗಳು ಇವು. ಸ್ಪಂಜಿಗೆ ಅಂಟಿ ಅಮೋನಿಯವನ್ನು ಮಾರ್ಪಡಿಸುವ ಬಗೆಯವಲ್ಲ. ಆಹಾರ ಮುಗಿದಾಗ, ಸಾಮಾನ್ಯವಾಗಿ ವಾರ ಹತ್ತು ದಿನಗಳಲ್ಲಿ, ತಾವಾಗಿಯೇ ಇಲ್ಲವಾಗುತ್ತವೆ. ಅಷ್ಟರವರೆಗೆ ತಿಂಡಿ ಹಾಕುವುದನ್ನು ನಿಲ್ಲಿಸಿ, ಗಾಳಿ ಪಂಪನ್ನು ಜೋರಾಗಿ ಓಡಿಸಿ. ಈ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬಹಳವಾಗಿ ಬಳಸುತ್ತವೆ. ತೊಟ್ಟಿಯಲ್ಲಿ ಮೀನಿದ್ದು, ಅಮೋನಿಯ ಲೀಟರಿಗೆ 0.5 ಮಿಲಿಗ್ರಾಮ್ ದಾಟಿದ್ದರೆ ಮಾತ್ರ ಕಾಲುಭಾಗ ನೀರು ಬದಲಿಸಿ.

ಹಳೆಯ ತೊಟ್ಟಿಯಲ್ಲಿ ಇದೇ ಬಣ್ಣ ಬಂದರೆ ಹಿನ್ನೆಲೆ ಬೇರೆ. ಪಿಎಚ್ ಇಳಿದಿದೆಯೇ ಎಂದು ನೋಡಿ. ಕಲ್ಲಿನ ಸಂದಿಯಲ್ಲಿ, ಫಿಲ್ಟರಿನ ಹಿಂದೆ ಸತ್ತ ಮೀನು ಸಿಕ್ಕಿಕೊಂಡಿದೆಯೇ ಎಂದು ಹುಡುಕಿ. ಮನೆಯಲ್ಲಿ ಯಾರಾದರೂ ಸ್ಪಂಜನ್ನು ಸಾಬೂನು ಹಾಕಿಯೋ ನಳ್ಳಿಯ ಕೆಳಗೆ ಹಿಡಿದೋ ತೊಳೆದರೇ ಎಂದು ವಿಚಾರಿಸಿ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು, ಅದು ಹೊಸದರಂತೆ ಕಾಣಬೇಕಿಲ್ಲ. ಇವು ಯಾವುವೂ ಅಲ್ಲವಾದರೆ ತಿಂಡಿಯೇ ಹೆಚ್ಚಾಗಿದೆ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟನ್ನು ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ ಹಾಕಬೇಕು. ಮಕ್ಕಳಿರುವ ಮನೆಯಲ್ಲಿ, ನೆಂಟರು ಬಂದ ದಿನಗಳಲ್ಲಿ, ಮೀನು ಗಾಜಿನ ಬಳಿ ಬಂದದ್ದನ್ನು ಕಂಡವರೆಲ್ಲ ಹಸಿವೆಯೆಂದು ಭಾವಿಸಿ ಒಂದೊಂದು ಚಿಟಿಕೆ ಹಾಕುತ್ತಾರೆ. ದಿನದ ಪಾಲನ್ನು ಬೆಳಗ್ಗೆಯೇ ಒಂದು ಸಣ್ಣ ಡಬ್ಬಿಗೆ ತೆಗೆದಿಟ್ಟು ದೊಡ್ಡ ಡಬ್ಬಿಯನ್ನು ಕಪಾಟಿನೊಳಗೆ ಇಡುವುದು ಇದಕ್ಕೆ ತಕ್ಕ ಉಪಾಯ.

ಹಸಿರು ನೀರು ಬೆಳಕಿನ ಕೂಸು. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗೆ ಬೆಳಕೂ ನೈಟ್ರೇಟ್, ಫಾಸ್ಫೇಟುಗಳೂ ಒಟ್ಟಿಗೆ ಸಿಕ್ಕಾಗ ಅದು ವಾರದೊಳಗೆ ತೊಟ್ಟಿಯನ್ನು ತುಂಬುತ್ತದೆ. ತುಂಬಾ ಸೂಕ್ಷ್ಮವಾಗಿರುವುದರಿಂದ ಸ್ಪಂಜಿಗೆ ಸಿಗುವುದಿಲ್ಲ, ನೀರು ಬದಲಿಸಿದರೂ ಉಳಿದ ಅಂಶದಿಂದ ಪುನಃ ಹೆಚ್ಚುತ್ತದೆ. ಮೊದಲು 30 ಶೇಕಡ ನೀರು ಬದಲಿಸಿ, ದೀಪ ಆರಿಸಿ, ತೊಟ್ಟಿಯ ನಾಲ್ಕೂ ಬದಿಗೆ ಬೆಳಕು ತೂರದಂತೆ ದಪ್ಪ ಕಂಬಳಿ ಹೊದೆಸಿ ಮೂರರಿಂದ ನಾಲ್ಕು ದಿನ ಬಿಡಿ. ಮೇಲ್ಭಾಗದಲ್ಲಿ ಗಾಳಿಯಾಡಲು ಸ್ವಲ್ಪ ಸಂದಿಯಿರಲಿ. ಈ ದಿನಗಳಲ್ಲಿ ತಿಂಡಿ ಬೇಡ, ಗುಳ್ಳೆ ಮಾತ್ರ ಒಂದು ಕ್ಷಣವೂ ನಿಲ್ಲಬಾರದು, ಏಕೆಂದರೆ ಸಾಯುವ ಪಾಚಿ ಕೊಳೆಯುವಾಗ ಆಮ್ಲಜನಕ ಕುಸಿಯುತ್ತದೆ. ಹೊದಿಕೆ ತೆಗೆದ ದಿನ ಮತ್ತೊಮ್ಮೆ 30 ಶೇಕಡ ನೀರು ಬದಲಿಸಿ. ಆಮೇಲೆ ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಮಿತಗೊಳಿಸಿ, ಕಿಟಕಿಯ ಬಿಸಿಲು ತಾಗುತ್ತಿದ್ದರೆ ಪರದೆ ಹಾಕಿ, ಬೇಗ ಬೆಳೆಯುವ ಜಲಸಸ್ಯಗಳನ್ನು ನೆಟ್ಟು ಪಾಚಿಯ ಆಹಾರವನ್ನು ಅವುಗಳ ಪಾಲಾಗಿಸಿ.

ವಾರದ ಕೆಲಸ, ಮಳೆಗಾಲ, ಸಿಡಿಲು

ವಾರಕ್ಕೊಮ್ಮೆ 20ರಿಂದ 25 ಶೇಕಡ ನೀರನ್ನು ಕೊಳವೆಯಿಂದ, ಹೊಯ್ಗೆಯ ಮೇಲಿನ ಕಸವನ್ನು ಎಳೆದುಕೊಳ್ಳುವಂತೆ ಹಾಯಿಸಿ ತೆಗೆಯಿರಿ. ಹೊಸ ನೀರು ಹಿಂದಿನ ದಿನವೇ ಹಿಡಿದು ಇಟ್ಟದ್ದಾಗಿರಲಿ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಬಸಳೆಯ ಬುಡಕ್ಕೂ ಹೂಗಿಡಗಳಿಗೂ ಅದು ಒಳ್ಳೆಯ ಗೊಬ್ಬರ.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಬಾವಿಗೆ ಮೇಲಿನ ನೀರು ಸೇರಿ ಬಗ್ಗಡವೂ ಹುಳಿಯೂ ಹೆಚ್ಚುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಬಾವಿಯ ಪಿಎಚ್ ಅನ್ನು ಹೊಸದಾಗಿ ಅಳೆದು, ಒಮ್ಮೆಗೆ ಬದಲಿಸುವ ನೀರನ್ನು 10-15 ಶೇಕಡಕ್ಕೆ ಇಳಿಸಿ, ಚಿಪ್ಪಿನ ಚೀಲವನ್ನು ತುಂಬಿಕೊಳ್ಳಿ. ನೀರು ತಿಳಿಯಾಗಿದ್ದರೂ ಈ ಎರಡು ತಿಂಗಳು ಬಟ್ಟೆಯಲ್ಲಿ ಸೋಸದೆ ಹಾಕಬೇಡಿ. ಏಪ್ರಿಲ್, ಮೇ ತಿಂಗಳ ತೊಂದರೆ ಬೇರೆ: 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಮಿಗಿಂತ ತುಸು ಹೆಚ್ಚು ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ. ಆಗ ಮೀನು ಹೆಚ್ಚಿಸಬೇಡಿ, ತಿಂಡಿ ತಗ್ಗಿಸಿ, ನೀರಿನ ಮೇಲ್ಮೈ ಸದಾ ಅಲುಗುವಂತೆ ಪಂಪಿನ ಬಾಯನ್ನು ತಿರುಗಿಸಿ.

ಮಳೆಗಾಲದ ಕರೆಂಟು ನಿಲುಗಡೆಗೆ ಬ್ಯಾಟರಿಯ ಗಾಳಿ ಪಂಪು ಮನೆಯಲ್ಲಿ ಇರಲೇಬೇಕು. ಅಕ್ಟೋಬರದ ಸಂಜೆಗಳಲ್ಲಿ ಸಿಡಿಲು ಆರಂಭವಾದೊಡನೆ ಟಿವಿ, ಫ್ರಿಜ್ಜುಗಳ ಜೊತೆಗೆ ತೊಟ್ಟಿಯ ಪ್ಲಗ್ಗನ್ನೂ ಎಳೆದು, ಮಳೆ ನಿಂತ ಮೇಲೆ ಉಳಿದವನ್ನು ಮಾತ್ರ ಹಾಕಿ ಇದನ್ನು ಮರೆಯುವುದು ನಮ್ಮ ಮನೆಗಳಲ್ಲಿ ಬಹಳ ನಡೆಯುತ್ತದೆ. ಹರಿಯುವ ನೀರು ನಿಂತ ಮುಚ್ಚಿದ ಫಿಲ್ಟರಿನಲ್ಲಿ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ರಾತ್ರಿಯಿಡೀ ನಿಂತ ಅಂಥ ಫಿಲ್ಟರನ್ನು ಬೆಳಗ್ಗೆ ಹಾಗೆಯೇ ಚಾಲೂ ಮಾಡಿದರೆ ಒಳಗಿನ ಕೊಳೆತ ನೀರೆಲ್ಲ ತೊಟ್ಟಿಗೆ ಬೀಳುತ್ತದೆ. ಮೊದಲು ಸ್ಪಂಜನ್ನು ಹೊರತೆಗೆದು ತೊಟ್ಟಿಯ ನೀರಿನಲ್ಲಿ ಹಿಂಡಿ, ಫಿಲ್ಟರಿನೊಳಗಿನ ನೀರನ್ನು ಚೆಲ್ಲಿ, ಆಮೇಲೆ ಓಡಿಸಿ, ಮುಂದಿನ ಮೂರು ದಿನ ಅಮೋನಿಯ ಅಳೆಯುತ್ತಿರಿ.

ಸಾಕಲಾಗದೆ ಉಳಿದ ಮೀನುಗಳನ್ನು ತೋಡಿಗೋ ಮದಕಕ್ಕೋ ಬಿಡಬೇಡಿ. ಗಾಜು ಶುಚಿಗೊಳಿಸುವುದೆಂದು ಮಾರುವ ಸಕ್ಕರ್ ಮೀನು ಕೇರಳದ ಹೊಳೆ ಕೆರೆಗಳಲ್ಲಿ ಈಗಾಗಲೇ ಬೇರೂರಿ ಊರ ಮೀನುಗಳಿಗೆ ಕಂಟಕವಾಗಿದೆ, ಅದು ಬೆಳೆದರೆ ಒಂದು ಅಡಿಯನ್ನೂ ಮೀರುವುದರಿಂದ 2 ಅಡಿಯ ತೊಟ್ಟಿಗೆ ಮೊದಲೇ ತರಬಾರದ ಮೀನು. ಬೇರೆ ಸಾಕುವವರಿಗೆ ಕೊಡಿ, ಇಲ್ಲವೇ ಕೊಂಡ ಅಂಗಡಿಗೆ ಮರಳಿಸಿ. ಕತ್ತರಿಸಿ ತೆಗೆದ ಜಲಸಸ್ಯಗಳನ್ನು ನೀರಿನ ಬದಿಯಲ್ಲಿ ಎಸೆಯದೆ ಬಿಸಿಲಿಗೆ ಒಣಗಿಸಿ ತೆಂಗಿನ ಬುಡಕ್ಕೆ ಹಾಕಿ.